ಆಲೂಗಡ್ಡೆ ಕೀಳಲು ಯಾವುದು ಒಳ್ಳೆಯದು: ಗುದ್ದಲಿ, ಫೋರ್ಕ್, ಬರಿಗೈ?

ಮನೆ ತೋಟದ ಆಲೂಗಡ್ಡೆಯನ್ನು ಈ ಮೂರೂ ರೀತಿಯಲ್ಲಿ ಕಿತ್ತು ನೋಡಿದ್ದೇನೆ. ಚೀಲದಲ್ಲಿ ಬೆಳೆದು ಸುರಿದೂ ನೋಡಿದ್ದೇನೆ. ನನ್ನ ಆಯ್ಕೆ ಫೋರ್ಕ್ (ಮಣ್ಣು ಎತ್ತಲು ಬಳಸುವ, ಉದ್ದ ಹಲ್ಲುಗಳಿರುವ ತೋಟದ ಸಲಕರಣೆ), ಅದರ ಹಿಂದೆಯೇ ಕೈ.

ಗುದ್ದಲಿಯಲ್ಲಿ ಕೆಲಸ ಬೇಗ ಮುಗಿಯುತ್ತದೆ, ಅದರಲ್ಲೂ ಮಣ್ಣು ಗಟ್ಟಿಯಾಗಿದ್ದರೆ. ಆದರೆ ನಷ್ಟ ಜಾಸ್ತಿ. ಹೊಸ ಗಡ್ಡೆಗಳು ಕಟ್ಟುವುದು ನೆಟ್ಟ ಬಿತ್ತನೆ ಗಡ್ಡೆಗಿಂತ ಮೇಲೆ, ಅಕ್ಕಪಕ್ಕದಲ್ಲಿ. ಮೇಲಿಂದ ಬಿದ್ದ ಏಟು ನೇರವಾಗಿ ಅವಕ್ಕೇ ತಾಗುತ್ತದೆ. ತಿಂಗಳುಗಟ್ಟಲೆ ಕಾದು ಬೆಳೆಸಿದ ಗಡ್ಡೆ ಎರಡು ಹೋಳಾದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಫೋರ್ಕ್‌ನ ಹಲ್ಲುಗಳ ನಡುವೆ ಮಣ್ಣು ಉದುರುತ್ತದೆ, ಗಡ್ಡೆ ಮೇಲೆ ಬರುತ್ತದೆ. ಕಾಂಡದಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಚ್ಚಿ, ಇಡೀ ಬುಡವನ್ನು ಕೆಳಗಿನಿಂದ ಎತ್ತಬೇಕು. ಇದರಲ್ಲೂ ಒಂದು ತೊಂದರೆ ಇದೆ. ಹೋಳಾದ ಗಡ್ಡೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಹಲ್ಲು ಚುಚ್ಚಿದ ತೂತು ಹಾಗಲ್ಲ, ಮಣ್ಣು ಮೆತ್ತಿಕೊಂಡು ಮರೆಯಾಗುತ್ತದೆ. ಅಂಥದ್ದೊಂದು ಬುಟ್ಟಿಗೆ ಸೇರಿದರೆ ಕೊಳೆತು, ಪಕ್ಕದವನ್ನೂ ಕೆಡಿಸುತ್ತದೆ. ಅದಕ್ಕೇ ಪ್ರತಿ ಗಡ್ಡೆಯನ್ನೂ ತಿರುಗಿಸಿ ನೋಡಿಯೇ ಬುಟ್ಟಿಗೆ ಹಾಕುತ್ತೇನೆ.

ಬರಿಗೈಯಲ್ಲಿ ಗಡ್ಡೆಗೆ ಗಾಯವೇ ಇಲ್ಲ. ಗಿಡ ಹೂ ಬಿಡುವ ಹೊತ್ತಿಗೆ ಬುಡದ ಮಣ್ಣನ್ನು ಮೆಲ್ಲಗೆ ಸರಿಸಿ, ಎಳೆಯ ಗಡ್ಡೆ ನಾಲ್ಕನ್ನು ತೆಗೆದು, ಮತ್ತೆ ಮಣ್ಣು ಮುಚ್ಚಿದರೆ ಗಿಡ ಬೆಳೆಯುತ್ತಲೇ ಇರುತ್ತದೆ. ಈ ಅನುಕೂಲ ಬೇರೆ ಯಾವುದರಲ್ಲೂ ಇಲ್ಲ. ಆದರೆ ಮಣ್ಣು ಸಡಿಲ ಇರಲೇಬೇಕು. ಇಡೀ ಸಾಲನ್ನು ಕೈಯಲ್ಲೇ ಕೀಳುತ್ತೇನೆಂದರೆ ಉಗುರು ಉಳಿಯುವುದಿಲ್ಲ! ಫೋರ್ಕ್ ಎತ್ತಿದ ಮೇಲೆ ಕೈಯಾಡಿಸುವುದಂತೂ ಬಿಡಬಾರದು. ಮಣ್ಣಲ್ಲಿ ಉಳಿದ ಗೋಲಿಯಷ್ಟು ಗಡ್ಡೆಯೂ ಮುಂದೆ ಮೊಳೆಯುತ್ತದೆ, ರೋಗವಿದ್ದರೆ ಅದನ್ನೂ ದಾಟಿಸುತ್ತದೆ.

ಚೀಲದ್ದು ಸುಲಭ. ಸುರಿದರೆ ಆಯಿತು, ಒಂದೂ ತಪ್ಪಿಹೋಗುವುದಿಲ್ಲ. ಆದರೆ ಚೀಲ ಬೇಗ ಒಣಗುತ್ತದೆ, ನೀರು ತಪ್ಪಿದರೆ ಗಡ್ಡೆ ಸಣ್ಣದಾಗುತ್ತದೆ. ನನಗೆ ನೆಲದ ಬೆಳೆಯೇ ಇಷ್ಟ.

ಯಾವುದರಲ್ಲಿ ಕಿತ್ತರೂ, ಬಹಳ ದಿನ ಇಡುವ ಗಡ್ಡೆಗೆ ಸಿಪ್ಪೆ ಬಲಿತಿರಬೇಕು. ಎಲೆ ಹಳದಿಯಾಗಿ ಒಣಗಿದ ಮೇಲೆ ಕಾಂಡ ಕತ್ತರಿಸಿ, ಎರಡು ವಾರ ಮಣ್ಣಲ್ಲೇ ಬಿಡುತ್ತೇನೆ. ಆಮೇಲೆ ಒಂದನ್ನು ತೆಗೆದು ಹೆಬ್ಬೆರಳಿನಿಂದ ಉಜ್ಜುತ್ತೇನೆ. ಸಿಪ್ಪೆ ಸುಲಿದರೆ ಇನ್ನೂ ಕಾಯುವುದು. ಸುಲಿಯದಿದ್ದರೆ, ಮಣ್ಣು ಒಣಗಿರುವ ದಿನ ನೋಡಿ ಕೀಳುವುದು. ತೊಳೆಯುವುದಿಲ್ಲ, ಮಣ್ಣು ಕೊಡವಿ ಕತ್ತಲಲ್ಲಿ ಇಡುತ್ತೇನೆ. ಬೆಳಕು ಬಿದ್ದರೆ ಗಡ್ಡೆ ಹಸಿರಾಗುತ್ತದೆ, ಜೊತೆಗೆ ಸೊಲನಿನ್ ಎಂಬ ವಿಷವೂ ಹೆಚ್ಚುತ್ತದೆ. ಚುಚ್ಚಿದ್ದು, ಹೋಳಾದದ್ದು ಯಾವುದೂ ಆ ರಾಶಿಗೆ ಸೇರುವುದಿಲ್ಲ. ಅವು ಅಂದೇ ಅಡುಗೆಮನೆಗೆ.