ಗ್ರಾಫಿಕ್ಸ್ ಕಾರ್ಡಿಗೆ 'ಹೀಟ್' ಕೊಡಿಸಿ ದುಡ್ಡು ಕಳೆದುಕೊಳ್ಳಬೇಡಿ

ಪರದೆ ತುಂಬ ಬಣ್ಣದ ಚೌಕಗಳು, ಗೆರೆಗಳು ಬರುತ್ತಿವೆ ಎಂದು ಕಾರ್ಡನ್ನು ರಿಪೇರಿಗೆ ಒಯ್ದರೆ ಕೆಲವು ಅಂಗಡಿಗಳಲ್ಲಿ ಸಿಗುವ ಉತ್ತರ ಒಂದೇ: "ಚಿಪ್ ಲೂಸ್ ಆಗಿದೆ, ಹೀಟ್ ಕೊಟ್ಟರೆ ಸರಿಹೋಗುತ್ತೆ." ಪರಿಚಯದವರೊಬ್ಬರ ಕಾರ್ಡಿಗೂ ಹೀಗೇ ಆಯಿತು. ಹಾಟ್ ಏರ್ ಬಿಟ್ಟು, ಅಲ್ಲೇ ಆನ್ ಮಾಡಿ ತೋರಿಸಿದರು. ಚಿತ್ರ ಸ್ವಚ್ಛವಾಗಿತ್ತು, ದುಡ್ಡು ಕೊಟ್ಟು ಬಂದರು. ಕೆಲವೇ ವಾರಗಳಲ್ಲಿ ಚೌಕಗಳು ಮತ್ತೆ ಬಂದವು, ಆಮೇಲೆ ಕಾರ್ಡು ಪೂರ್ತಿ ಸತ್ತಿತು. ರಿಪೇರಿಗೆ ಗ್ಯಾರಂಟಿ ಇಲ್ಲ ಎಂದು ಅಂಗಡಿಯವರು ಕೈತೊಳೆದುಕೊಂಡರು.

ಬಿಸಿ ಮಾಡಿದರೆ ಸ್ವಲ್ಪ ದಿನ ಸರಿಹೋಗುವುದು ನಿಜ. ಜನ ನಂಬುವುದೂ ಅದಕ್ಕೇ. ಜಿಪಿಯುವಿನ (ಕಾರ್ಡಿನ ಮುಖ್ಯ ಚಿಪ್) ಸಿಲಿಕಾನ್ ತುಂಡನ್ನು ಅದರ ತಳದ ಹಲಗೆಗೆ ಕೂಡಿಸುವುದು ಅತಿ ಸಣ್ಣ ಬೆಸುಗೆ ಗುಳಿಗೆಗಳು. ಕಾಯುತ್ತ ಆರುತ್ತ ಅವು ಬಿರುಕು ಬಿಡುತ್ತವೆ. ಶಾಖಕ್ಕೆ ಎಲ್ಲವೂ ಹಿಗ್ಗಿದಾಗ ಬಿರುಕಿನ ಅಂಚುಗಳು ತಾಗಿಕೊಳ್ಳುತ್ತವೆ, ಗಟ್ಟಿಯಾಗಿ ಬೆಸೆಯುವುದಿಲ್ಲ. ಚಿಪ್ಪಿನ ಅಡಿಯ ದೊಡ್ಡ ಗುಳಿಗೆಗಳನ್ನು ಬದಲಿಸುವ ರೀಬಾಲ್ ಕೂಡ ಈ ಒಳಗಿನ ಬೆಸುಗೆಯನ್ನು ಮುಟ್ಟುವುದಿಲ್ಲ. ಚಿಪ್ ಪ್ಯಾಕೇಜಿನ ದೋಷ ಸಣ್ಣದಲ್ಲ: ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ ಅದು ಕಂಡಾಗ ಚಿಪ್ ಕಂಪನಿ ಎನ್‌ವಿಡಿಯಾ 2008ರ ಜುಲೈನಲ್ಲಿ 15ರಿಂದ 20 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಅಡುಗೆಮನೆಯ ಓವನ್ನಿನಲ್ಲಿ ಕಾರ್ಡು ಬೇಯಿಸುವ ವಿಡಿಯೊಗಳನ್ನಂತೂ ನೋಡಿ ಮಾಡಲೇಬೇಡಿ. ಕೆಪಾಸಿಟರ್ ಸಿಡಿಯಬಹುದು, ಆ ಹೊಗೆಯೂ ಒಳ್ಳೆಯದಲ್ಲ, ಅದೇ ಓವನ್ನಿನಲ್ಲಿ ಆಮೇಲೆ ಅಡುಗೆ ಮಾಡುತ್ತೀರಿ.

ಅಂಗಡಿಗೆ ಹೋಗುವ ಮುಂಚೆ ತಪ್ಪು ಎಲ್ಲಿದೆ ಎಂದು ಮನೆಯಲ್ಲೇ ನೋಡಿ. ಮಾನಿಟರಿನ ಗುಂಡಿ ಒತ್ತಿ ಅದರದೇ ಮೆನು ತೆರೆಯಿರಿ. ಗೆರೆ ಮೆನುವಿನ ಮೇಲೂ ಹಾದರೆ ಪ್ಯಾನೆಲ್ ಮೇಲೇ ಅನುಮಾನ. ಇಲ್ಲದಿದ್ದರೆ ಪ್ರಿಂಟ್ ಸ್ಕ್ರೀನ್ ತೆಗೆದು ಆ ಫೈಲನ್ನು ಮೊಬೈಲಿನಲ್ಲಿ ನೋಡಿ (ಕ್ಯಾಮೆರಾದಲ್ಲಿ ತೆಗೆದ ಫೋಟೊ ಆಗದು). ಅದರಲ್ಲಿ ಚೌಕಗಳಿದ್ದರೆ ತಪ್ಪು ಕಾರ್ಡಿನದು ಅಥವಾ ಡ್ರೈವರಿನದು (ಕಾರ್ಡನ್ನು ನಡೆಸುವ ತಂತ್ರಾಂಶ). ಚಿತ್ರ ಸ್ವಚ್ಛವಾಗಿದ್ದರೆ ಮೊದಲು ಕೇಬಲ್ ಬದಲಿಸಿ, ಬೇರೆ ಪೋರ್ಟಿಗೆ ಹಾಕಿ. ಎಷ್ಟೋ ಕಾರ್ಡುಗಳು ಒಂದು ಕೆಟ್ಟ ಡಿಸ್‌ಪ್ಲೇಪೋರ್ಟ್ ಕೇಬಲ್ಲಿನಿಂದಾಗಿ ಬಿಸಿಗಾಳಿ ತಿಂದಿವೆ.

ಕಲೆಗಳು ಬಯಾಸ್ ಪರದೆಯಲ್ಲೇ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಇದ್ದರೆ ವಿಂಡೋಸ್ ಡ್ರೈವರಿನ ತಪ್ಪಲ್ಲ. ವಿಂಡೋಸ್ ಬಂದ ಮೇಲಷ್ಟೇ ಕಂಡರೆ ಸೇಫ್ ಮೋಡಿನಲ್ಲಿ ಡಿಡಿಯು ಎಂಬ ಡ್ರೈವರ್ ಅಳಿಸುವ ತಂತ್ರಾಂಶ ಓಡಿಸಿ ಹಳೆ ಡ್ರೈವರನ್ನು ಪೂರ್ತಿ ತೆಗೆದು ಹೊಸದು ಹಾಕಿ. ಗೇಮ್ ಆಡುವಾಗ ಮಾತ್ರ ಬಂದರೆ ವಿದ್ಯುತ್ತನ್ನೂ ನೋಡಿ: 8 ಪಿನ್ನಿನ ಕನೆಕ್ಟರಿಗೆ 150 ವ್ಯಾಟ್ ಮಿತಿ. ಎರಡು ಕನೆಕ್ಟರಿದ್ದರೆ ಒಂದೇ ಕೇಬಲ್ಲಿನ ಕವಲಿನಿಂದ ಎರಡಕ್ಕೂ ಕೊಡದೆ ಎರಡು ಬೇರೆ ಕೇಬಲ್ ಎಳೆಯಿರಿ. ಆದರೆ ಬೇರೆ ಕಂಪನಿಯ ಪವರ್ ಸಪ್ಲೈನ ಮಾಡ್ಯುಲರ್ ಕೇಬಲ್ ಬೇಡ. ಸಪ್ಲೈ ಕಡೆಯ ಪಿನ್ ಜೋಡಣೆ ಬೇರೆಯಿದ್ದರೆ ಕಾರ್ಡು ಸುಟ್ಟೇಹೋಗಬಹುದು.

ಕೊನೆಗೆ ಆಫ್ಟರ್‌ಬರ್ನರಿನಲ್ಲಿ (ಕಾರ್ಡಿನ ವೇಗ ಬದಲಿಸುವ ತಂತ್ರಾಂಶ) ಮೆಮೊರಿ ಕ್ಲಾಕನ್ನು, ಅಂದರೆ ಮೆಮೊರಿಯ ವೇಗವನ್ನು, 200ರಿಂದ 500 ಮೆಗಾಹರ್ಟ್ಸ್ ಇಳಿಸಿ. ಕಲೆ ಕಡಿಮೆಯಾದರೆ ಮೆಮೊರಿ ಮೇಲೆ ಅನುಮಾನ. ಓಸಿಸಿಟಿ ಎಂಬ ಪರೀಕ್ಷಾ ತಂತ್ರಾಂಶದ ವಿರ್ಯಾಮ್ (ಕಾರ್ಡಿನ ಮೆಮೊರಿ) ಪರೀಕ್ಷೆಯಲ್ಲಿ ದೋಷದ ಎಣಿಕೆ ಏರಿದರೆ ಅನುಮಾನ ಗಟ್ಟಿ. ಮೆಮೊರಿ ಚಿಪ್ ಬದಲಿಸುವುದು ನಿಜವಾದ ರಿಪೇರಿ, ಅದಕ್ಕೆ ದುಡ್ಡು ಕೊಡಬಹುದು. ಆದರೆ ವಾರಂಟಿ ಉಳಿದಿದ್ದರೆ ಯಾರ ಕೈಗೂ ಕೊಡದೆ ತಯಾರಕರಿಗೇ ಕಳಿಸಿ. ಇಲ್ಲವಾದರೆ ಅಂಗಡಿಯಲ್ಲಿ ಕೇಳಿ: ಯಾವ ಚಿಪ್ ಕೆಟ್ಟಿದೆ, ಹೊಸದು ಹಾಕುತ್ತೀರಾ, ಬಿಲ್ಲಿನಲ್ಲಿ ಅದನ್ನು ಬರೆದು ಕೊಡುತ್ತೀರಾ? "ಹೀಟ್ ಮಾಡಿ ನೋಡೋಣ" ಎಂದರೆ ಕಾರ್ಡು ವಾಪಸ್ ತನ್ನಿ.