ಗೃಹಸಾಲದ ಜೊತೆ ಅಂಟಿಸೋ ಇನ್ಶೂರೆನ್ಸ್: ಸೈನ್ ಹಾಕೋ ಮುಂಚೆ ಇದನ್ನು ಓದಿ

ಗೃಹಸಾಲಕ್ಕೆ ಓಡಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಸಾಲಕ್ಕೆ ಒಂದು ಇನ್ಶೂರೆನ್ಸ್ ಸೇರಿಸುತ್ತಾರೆ. ಅದು ಕಡ್ಡಾಯ ಅನ್ನುತ್ತಾರೆ. ಕಡ್ಡಾಯ ಅಲ್ಲ. ನನ್ನ ಸಾಲಕ್ಕೆ ಹೀಗೆ ಸೇರಿಸಿದ್ದು 1,48,600 ರೂಪಾಯಿ.

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಆದರೆ ಹೋದ ತಿಂಗಳು ಜೊತೆಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಅದೇ ಕಾಗದ ಹಿಡಿದು ಬಂದು, "ಅಣ್ಣ, ಲೋನ್ ಜೊತೆ ಇದು ಮಾಡಿಸಲೇಬೇಕಂತೆ" ಅಂದ. ಮೈ ಉರಿದುಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ.

2024ರ ಜೂನ್. ಮೈಸೂರಿನಲ್ಲಿ ಒಂದು ಮನೆ ನೋಡಿದ್ದೆವು. ಮಾರುವವರು ಆಷಾಢಕ್ಕೆ ಮುಂಚೆ ರಿಜಿಸ್ಟ್ರೇಷನ್ ಮುಗಿಯಲೇಬೇಕು ಎಂದು ಹಟ ಹಿಡಿದಿದ್ದರು. ಜುಲೈ ಮೊದಲ ವಾರಕ್ಕೆ ಆಷಾಢ ಶುರು. ಅಡ್ವಾನ್ಸ್ 3 ಲಕ್ಷ ಕೊಟ್ಟಾಗಿತ್ತು. ಬ್ಯಾಂಕಿನಲ್ಲಿ ಲೀಗಲ್ ಆಯಿತು, ವ್ಯಾಲ್ಯುಯೇಷನ್ ಆಯಿತು, 30 ಲಕ್ಷಕ್ಕೆ ಸ್ಯಾಂಕ್ಷನ್ ಆಯಿತು. ಅಲ್ಲಿಯವರೆಗೆ ಇನ್ಶೂರೆನ್ಸ್ ಅನ್ನೋ ಮಾತೇ ಯಾರ ಬಾಯಲ್ಲೂ ಬಂದಿರಲಿಲ್ಲ. ರಿಜಿಸ್ಟ್ರೇಷನ್‌ಗೆ ಎರಡು ದಿನ ಇರುವಾಗ ಶಾಖೆಗೆ ಕರೆದರು. ಸೈನ್ ಮಾಡೋದಿದೆ, ಬನ್ನಿ ಎಂದು.

ಗೃಹಸಾಲ ಮಾಡಿದವರಿಗೆ ಗೊತ್ತಲ್ಲ, ಆ ಕಾಗದದ ಕಟ್ಟು ಎಷ್ಟು ದಪ್ಪ ಇರುತ್ತದೆ ಅಂತ. ಸೈನ್ ಮಾಡೋ ಜಾಗದಲ್ಲೆಲ್ಲ ಪೆನ್ಸಿಲ್‌ನಲ್ಲಿ ಇಂಟು ಗುರುತು ಹಾಕಿಟ್ಟಿದ್ದರು. ಸಾಲದ ಮೇಡಂ ಹಾಳೆ ತಿರುಗಿಸುತ್ತಾ ಹೋದರು, ನಾನು ಸೈನ್ ಮಾಡುತ್ತಾ ಹೋದೆ. ನಡುವೆ ಒಂದು ಕಡೆ ಹಾಳೆಯ ಬಣ್ಣ ಬೇರೆ ಇತ್ತು. ಇದೇನು ಮೇಡಂ ಅಂದೆ.

"ಇನ್ಶೂರೆನ್ಸ್ ಸರ್. ಎಲ್ಲಾ ಹೋಮ್ ಲೋನ್‌ಗೂ ಇರುತ್ತೆ. ಆರ್‌ಬಿಐ ರೂಲು."

ಬೇಡ ಅಂದರೆ? ಕೇಳಿದೆ. ನಿಜವಾಗಿಯೂ ಕೇಳಿದೆ. "ಹಾಗಾದ್ರೆ ಫೈಲು ಮತ್ತೆ ಮೇಲಿನ ಆಫೀಸಿಗೆ ಹೋಗಬೇಕು ಸರ್, ಹತ್ತು ದಿನ ಆಗುತ್ತೆ" ಅಂದರು. ಹತ್ತು ದಿನ ಅಂದರೆ ಆಷಾಢ. ಅಡ್ವಾನ್ಸ್ ಹೋಯಿತು ಅಂತಲೇ ಅರ್ಥ. ಅದು ಅವರಿಗೂ ಗೊತ್ತಿತ್ತು, ನಾನೇ ಹೇಳಿದ್ದೆ.

ಆಮೇಲೆ ಸಮಾಧಾನ ಮಾಡುವ ಹಾಗೆ ಇನ್ನೊಂದು ಮಾತು ಸೇರಿಸಿದರು. "ಇದು ನಿಮ್ಮ ಒಳ್ಳೇದಕ್ಕೇ ಸರ್. ಪ್ರೈವೇಟ್ ಕೆಲಸ ಅಲ್ವಾ ನಿಮ್ದು? ಕೆಲಸ ಹೋದ್ರೂ, ಹುಷಾರಿಲ್ಲದೆ ಮಲಗಿದ್ರೂ ಕಂತು ಅವರೇ ಕಟ್ಟುತ್ತಾರೆ." ಈ ಮಾತಿಗೇ ನಾನು ಬಿದ್ದದ್ದು. ಕೆಲಸ ಹೋದರೆ ಗತಿ ಏನು ಅನ್ನೋ ಹೆದರಿಕೆ ಯಾರಿಗಿಲ್ಲ ಹೇಳಿ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಕೂಡ, "ಇರಲಿ ಬಿಡ್ರೀ, ಧೈರ್ಯ ಇರುತ್ತೆ" ಅಂದಳು. ಸೈನ್ ಮಾಡಿದೆ.

ಅಲ್ಲೇ ಕೂತಿರುವಾಗ ಮೊಬೈಲಿಗೆ ಕರೆ ಬಂತು. ವೆರಿಫಿಕೇಷನ್ ಕಾಲ್ ಸರ್, ಎಲ್ಲದಕ್ಕೂ ಯೆಸ್ ಅನ್ನಿ ಸಾಕು ಅಂದರು ಮೇಡಂ. ಆ ಕಡೆಯವರು ಹಿಂದಿಯಲ್ಲಿ ಗಡಗಡ ಓದುತ್ತಿದ್ದರು. ನನಗೆ ಹಿಂದಿ ಅಷ್ಟಕ್ಕಷ್ಟೇ. ಯೆಸ್ ಅಂದೆ. ಯೆಸ್ ಅಂದೆ. ಮತ್ತೆ ಯೆಸ್ ಅಂದೆ. ಈ ಕರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಲೆಕ್ಕ ನೋಡಿ. 30 ಲಕ್ಷಕ್ಕೆ 8.75 ಪರ್ಸೆಂಟ್ ಬಡ್ಡಿ, 20 ವರ್ಷ. ಕಂತು ಸುಮಾರು 26,511 ಆಗಬೇಕು. ನನಗೆ ಬಂದದ್ದು 27,824. ಯಾಕೆಂದರೆ ಪ್ರೀಮಿಯಂ ನಾನು ಕೈಯಿಂದ ಕೊಟ್ಟಿರಲಿಲ್ಲ, ಅವರು ಅದನ್ನೂ ಸಾಲಕ್ಕೇ ಸೇರಿಸಿ 31,48,600 ಮಾಡಿದ್ದರು. ತಿಂಗಳಿಗೆ 1,313 ರೂಪಾಯಿ ಜಾಸ್ತಿ. 240 ತಿಂಗಳಿಗೆ ಗುಣಿಸಿ. 3 ಲಕ್ಷ 15 ಸಾವಿರ ದಾಟುತ್ತದೆ. ಒಂದೂವರೆ ಲಕ್ಷದ ಇನ್ಶೂರೆನ್ಸಿಗೆ ಮೂರು ಲಕ್ಷಕ್ಕಿಂತ ಜಾಸ್ತಿ. ಇದನ್ನು ಯಾರೂ ಹೇಳಲಿಲ್ಲ. ಯಾರೂ.

2025ರ ಫೆಬ್ರವರಿಯಲ್ಲಿ ನಮ್ಮ ಫ್ಯಾಕ್ಟರಿಯಲ್ಲಿ ಒಂದು ಲೈನ್ ಮುಚ್ಚಿದರು. ನಾವು ಹದಿನಾಲ್ಕು ಜನ ಹೊರಗೆ ಬಂದೆವು. ಆ ದಿನ ಮನೆಗೆ ಬಂದು ನಾನು ಹೆಂಡತಿಗೆ ಹೇಳಿದ ಮೊದಲ ಮಾತೇ, "ಯೋಚನೆ ಮಾಡಬೇಡ, ಕಂತಿಗೆ ಇನ್ಶೂರೆನ್ಸ್ ಇದೆ" ಅಂತ. ಆ ಮಾತು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಮಾರನೇ ದಿನ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದೆ. ಕೆಲಸ ಹೋಗಿದೆ, ಕ್ಲೇಮ್ ಮಾಡಬೇಕು ಅಂದೆ. ಆ ಕಡೆಯ ಹುಡುಗ ಪಾಲಿಸಿ ನಂಬರ್ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಇದು ಡೆತ್ ಕವರ್" ಅಂದ.

ಅರ್ಥ ಆಗಲಿಲ್ಲ. ಮತ್ತೆ ಕೇಳಿದೆ.

"ನೀವು ತೀರಿಕೊಂಡರೆ ಮಾತ್ರ ಬರುತ್ತೆ ಸರ್."

ಅವತ್ತು ರಾತ್ರಿ ಮೇಲ್‌ನಲ್ಲಿ ಹುಡುಕಿ ಪಿಡಿಎಫ್ ತೆಗೆದೆವು. ಎಂಟು ತಿಂಗಳಿಂದ ತೆರೆಯದೆ ಹಾಗೇ ಬಿದ್ದಿತ್ತು. ಎಲ್ಲಾ ಇಂಗ್ಲಿಷಿನಲ್ಲಿ. ಪಿಯುಸಿ ಓದುತ್ತಿರುವ ಮಗಳು ಒಂದೊಂದೇ ಸಾಲು ಓದಿ ಹೇಳಿದಳು. ಕೆಲಸ ಹೋದರೆ ಅನ್ನೋ ಮಾತೇ ಅದರಲ್ಲಿ ಇಲ್ಲ. ಹುಷಾರಿಲ್ಲದಿದ್ದರೆ ಅನ್ನೋದೂ ಇಲ್ಲ. ಇನ್ಶೂರೆನ್ಸ್ ಅವಧಿ 10 ವರ್ಷ! ಸಾಲ 20 ವರ್ಷ, ಇನ್ಶೂರೆನ್ಸ್ 10 ವರ್ಷ. ಅಂದರೆ ಹನ್ನೊಂದನೇ ವರ್ಷದಿಂದ ಇಲ್ಲದ ಇನ್ಶೂರೆನ್ಸಿಗೆ ನಾನು ಇನ್ನೂ ಹತ್ತು ವರ್ಷ ಕಂತು ಕಟ್ಟಬೇಕು, ಬಡ್ಡಿ ಸಮೇತ.

ಇನ್ನೂ ಒಂದಿದೆ, ಇದು ಅದಕ್ಕಿಂತ ಕೆಟ್ಟದ್ದು. ನನಗೆ ಆರು ವರ್ಷದಿಂದ ಶುಗರ್ ಇದೆ. ಆರೋಗ್ಯದ ಪ್ರಶ್ನೆಗಳ ಹಾಳೆಯಲ್ಲಿ ಡಯಾಬಿಟಿಸ್ ಎದುರು "ಇಲ್ಲ" ಎಂದು ಟಿಕ್ ಆಗಿತ್ತು. ಆ ಟಿಕ್ ನಾನು ಹಾಕಿದ್ದಲ್ಲ. ಹಾಳೆ ತುಂಬುವಾಗ ನನ್ನನ್ನು ಆ ಪ್ರಶ್ನೆ ಯಾರೂ ಕೇಳಲೂ ಇಲ್ಲ. ಅಂದರೆ ನಾನು ಸತ್ತಿದ್ದರೂ, ಕಾಯಿಲೆ ಮುಚ್ಚಿಟ್ಟಿದ್ದಾರೆ ಎಂದು ನನ್ನ ಹೆಂಡತಿಗೆ ದುಡ್ಡು ಇಲ್ಲ ಅನ್ನಬಹುದಿತ್ತು. ಯೋಚನೆ ಮಾಡಿ.

ಶಾಖೆಗೆ ಹೋದೆ. ಆ ಮೇಡಂ ಅಲ್ಲಿ ಇಲ್ಲ, ಟ್ರಾನ್ಸ್‌ಫರ್ ಆಗಿದೆಯಂತೆ. ಮ್ಯಾನೇಜರ್ ಕೂರಿಸಿ ನೀರು ಕೊಟ್ಟರು. ದನಿ ಮೆತ್ತಗೆ. ಆದರೆ ಎಲ್ಲದಕ್ಕೂ ಒಂದೇ ಉತ್ತರ.

"ನೀವೇ ಸೈನ್ ಮಾಡಿದ್ದೀರಲ್ಲ ಸರ್."

ಕಡ್ಡಾಯ ಅಂತ ಹೇಳಿದರಲ್ಲ ಅಂದೆ. "ಬರೆದು ಕೊಟ್ಟಿದ್ದಾರಾ ಸರ್?" ಕೆಲಸ ಹೋದರೆ ಕಂತು ಕಟ್ಟುತ್ತಾರೆ ಅಂದರಲ್ಲ ಅಂದೆ. "ಹಾಗೆ ಹೇಳಿರಲಿಕ್ಕಿಲ್ಲ ಸರ್, ನಿಮಗೆ ತಪ್ಪು ಅರ್ಥ ಆಗಿರಬಹುದು." ಶುಗರ್ ವಿಷಯ ಎತ್ತಿದೆ. "ಅದು ಇನ್ಶೂರೆನ್ಸ್ ಕಂಪನಿಯವರನ್ನು ಕೇಳಿ." ಕಂಪನಿಯವರನ್ನು ಕೇಳಿದರೆ, "ಫಾರ್ಮ್ ತುಂಬಿಸಿದ್ದು ಬ್ಯಾಂಕು ಸರ್." ಹೀಗೆ ಎರಡು ವಾರ. ಕೆಲಸ ಇಲ್ಲದವನಿಗೆ ಅಲೆದಾಡೋಕೆ ಟೈಮ್ ಇದೆ ಅಂದುಕೊಂಡರೋ ಏನೋ.

ಕ್ಯಾನ್ಸಲ್ ಮಾಡಿ ಅಂದರೆ ಫ್ರೀ ಲುಕ್ ಮುಗಿದಿದೆ ಅನ್ನುತ್ತಾರೆ. ಪಾಲಿಸಿ ಕೈಗೆ ಬಂದ ಮೇಲೆ 30 ದಿನದೊಳಗೆ ಬೇಡ ಎಂದು ವಾಪಸ್ ಕೊಡೋ ಹಕ್ಕು ಅದು. 2024ರ ಹೊಸ ನಿಯಮದಲ್ಲಿ 30 ದಿನ ಮಾಡಿದ್ದಾರೆ. ಆ 30 ದಿನ ನಾವು ಗೃಹಪ್ರವೇಶ, ಪೇಂಟಿಂಗ್, ಗ್ಯಾಸ್ ಕನೆಕ್ಷನ್ ಅಂತ ಓಡಾಡುತ್ತಿದ್ದೆವು.

ಮಾರ್ಚಿನಲ್ಲಿ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಟ್ಟೆ. ಹನ್ನೆರಡನೇ ದಿನ ಉತ್ತರ ಬಂತು. ಎಲ್ಲರಿಗೂ ಕಳಿಸೋ ಅಚ್ಚಿನ ಉತ್ತರ. ನೀವು ಒಪ್ಪಿಯೇ ತೆಗೆದುಕೊಂಡಿದ್ದೀರಿ, ವೆರಿಫಿಕೇಷನ್ ಕರೆಯಲ್ಲಿ ಎಲ್ಲದಕ್ಕೂ ಹೌದು ಅಂದಿದ್ದೀರಿ, ಆದ್ದರಿಂದ ಆಗುವುದಿಲ್ಲ. ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರದ, ಅಂದರೆ ಐಆರ್‌ಡಿಎಐನ, ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಹಾಕಿದೆ. ಕರೆಯ ರೆಕಾರ್ಡಿಂಗ್ ಕೊಡಿ ಎಂದು ಅದರಲ್ಲೇ ಕೇಳಿದೆ. ಕಂಪನಿಯವರು ಆಡಿಯೊ ಕಳಿಸಿದರು. ಇದೇ ನಮ್ಮ ಸಾಕ್ಷಿ ಅನ್ನುವ ಹಾಗೆ.

ಅಡುಗೆಮನೆಯಲ್ಲಿ ಮೂವರೂ ನಿಂತು ಕೇಳಿದೆವು. ಮೊಬೈಲ್ ಸ್ಪೀಕರ್‌ನಲ್ಲಿ. "ಈ ಇನ್ಶೂರೆನ್ಸ್ ಸಾಲಕ್ಕೆ ಕಡ್ಡಾಯ ಅಲ್ಲ, ನಿಮ್ಮ ಇಷ್ಟದಿಂದಲೇ ತೆಗೆದುಕೊಳ್ಳುತ್ತಿದ್ದೀರಿ, ಅಲ್ಲವೇ?" ಹಿಂದಿಯಲ್ಲಿ ಕೇಳುತ್ತಾರೆ. ನನ್ನದೇ ದನಿ. ಯೆಸ್. ಯಾವ ಕಾಯಿಲೆಯೂ ಇಲ್ಲ ತಾನೇ? ಯೆಸ್. ನೆಲ ಕುಸಿದ ಹಾಗಾಯಿತು. ನನ್ನ ಬಾಯಿಂದಲೇ ಬಂದಿದೆಯಲ್ಲ, ಇನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಮಗಳು ಮಾತಾಡದೆ ಮೊಬೈಲ್ ತೆಗೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಹೆಡ್‌ಫೋನ್ ಹಿಡಿದು ಬಂದು, "ಅಪ್ಪಾ, ಇದನ್ನು ಹಾಕಿಕೊಂಡು ಕೇಳು" ಅಂದಳು. ಕೇಳಿದೆ. ಪ್ರತಿ ಸಲ ನನ್ನ ಯೆಸ್ ಬರುವ ಮುಂಚೆ, ಹಿಂದೆ ಸಣ್ಣಗೆ ಇನ್ನೊಂದು ದನಿ ಇದೆ. "ಯೆಸ್ ಅನ್ನಿ ಸರ್." ಆಮೇಲೆ ನನ್ನ ಯೆಸ್. ಮತ್ತೆ, "ಯೆಸ್ ಅನ್ನಿ." ಕಾಯಿಲೆಯ ಪ್ರಶ್ನೆಗೆ ಮಾತ್ರ ನಾನು ತಡವರಿಸಿ "ಕ್ಯಾ?" ಅಂದಿದ್ದೇನೆ. ಆಗ ಆ ದನಿ ಸ್ವಲ್ಪ ಜೋರಾಗಿದೆ. "ಯೆಸ್ ಅನ್ನಿ ಸರ್, ಏನಿಲ್ಲ ಅದು."

ಇಂಗ್ಲೆಂಡಿನಲ್ಲಿರುವ ನನ್ನ ಷಡ್ಡಕನಿಗೆ ಇದನ್ನು ಹೇಳಿದಾಗ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಅಲ್ಲಿ ಇದಕ್ಕೆ ಪಿಪಿಐ ಅಂತಾರಂತೆ. ಕೆಲಸ ಹೋದರೆ, ಕಾಯಿಲೆ ಬಿದ್ದರೆ ಕಂತು ಕಟ್ಟೋ ಇನ್ಶೂರೆನ್ಸ್. ಬೇಕಿಲ್ಲದವರಿಗೂ, ಕ್ಲೇಮ್ ಮಾಡೋಕೇ ಆಗದವರಿಗೂ ವರ್ಷಗಟ್ಟಲೆ ಅಂಟಿಸಿದ್ದರು. ಜನ ಬಿಡಲಿಲ್ಲ. ದೂರು ಕೊಡೋಕೆ 2019ರ ಆಗಸ್ಟ್ 29 ಕೊನೆ ದಿನ ಎಂದು ಇಟ್ಟಿದ್ದರು. ಒಟ್ಟು 3,800 ಕೋಟಿ ಪೌಂಡ್‌ಗಿಂತ ಜಾಸ್ತಿ ವಾಪಸ್ ಕೊಡಬೇಕಾಯಿತು. ಇದನ್ನು ಕೇಳಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. ನಮ್ಮ ಮೇಡಂ ಬಾಯಲ್ಲಿ ಹೇಳಿದ್ದು ಆ ಥರದ ಪಾಲಿಸಿ, ಕೈಗೆ ಕೊಟ್ಟಿದ್ದು ಬೇರೆ.

ಈಗ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರುಗಳನ್ನು ಕೋರ್ಟಿನ ಹೊರಗೇ ವಿಚಾರಿಸಿ ತೀರ್ಮಾನ ಮಾಡೋ ಅಧಿಕಾರಿಗೆ, ದೂರು ಕೊಟ್ಟಿದ್ದೇನೆ. ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ ಆಫೀಸು. ಫೀಸ್ ಇಲ್ಲ, ಲಾಯರ್ ಬೇಕಿಲ್ಲ. ಆದರೆ ಮೊದಲು ಕಂಪನಿಗೇ ದೂರು ಕೊಟ್ಟಿರಬೇಕು. ಅವರು ಒಂದು ತಿಂಗಳಲ್ಲಿ ಉತ್ತರ ಕೊಡದಿದ್ದರೆ, ಅಥವಾ ಆಗಲ್ಲ ಅಂದರೆ, ಒಂದು ವರ್ಷದೊಳಗೆ ಇಲ್ಲಿಗೆ ಬರಬಹುದು. ಗ್ರಾಹಕ ಕೋರ್ಟಿಗೆ ಆಗಲೇ ಹೋಗಿದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ, ನೋಡಿಕೊಳ್ಳಿ. ಬ್ಯಾಂಕಿನ ಮೇಲಿನ ದೂರು ಬೇರೆ, ಅದು ಆರ್‌ಬಿಐ ಓಂಬುಡ್ಸ್‌ಮನ್‌ಗೆ. ಅವರ ಸಹಾಯವಾಣಿ 14448. ಇನ್ಶೂರೆನ್ಸ್ ದೂರಿಗೆ 155255.

ಓಂಬುಡ್ಸ್‌ಮನ್‌ಗೆ ಕೊಟ್ಟ ಮೇಲೆ ಕಂಪನಿಯಿಂದ ಫೋನ್ ಬಂತು. ಇಷ್ಟು ದಿನ ಇಲ್ಲದ ಮರ್ಯಾದೆ. "ದೂರು ವಾಪಸ್ ತಗೊಳ್ಳಿ ಸರ್, ಉಳಿದ ಅವಧಿಯದ್ದು ಲೆಕ್ಕ ಹಾಕಿ ಕೊಡ್ತೀವಿ." ಬಡ್ಡಿ? "ಅದು ಬ್ಯಾಂಕಿನ ವಿಷಯ ಸರ್." ಆಗಲ್ಲ ಅಂದೆ. ಪೂರ್ತಿ ಬೇಕು. ಹೊಸ ಕೆಲಸ ಸಿಕ್ಕಿದೆ, ಸಂಬಳ ಕಡಿಮೆ, ಆದರೂ ಕಾಯುತ್ತೇನೆ.

ನೀವು ಸಾಲಕ್ಕೆ ಹೋಗುವವರಾದರೆ, ಕಡ್ಡಾಯ ಅಂದ ತಕ್ಷಣ "ಅದನ್ನೇ ಮೇಲ್ ಮಾಡಿ" ಅನ್ನಿ. ಮಾಡೋದಿಲ್ಲ, ಯಾಕೆಂದರೆ ಆರ್‌ಬಿಐ ಹೇಳಿರೋದು ಇದಕ್ಕೆ ವಿರುದ್ಧ, ಬ್ಯಾಂಕು ಇನ್ಶೂರೆನ್ಸಿಗೆ ಬಲವಂತ ಮಾಡುವ ಹಾಗಿಲ್ಲ. ಮನೆಗೆ ಬೆಂಕಿ, ಭೂಕಂಪಕ್ಕೆ ಮಾಡಿಸೋ ಇನ್ಶೂರೆನ್ಸ್ ಬೇರೆ, ಅದನ್ನು ಬ್ಯಾಂಕು ಕೇಳಬಹುದು. ನಾನು ಹೇಳುತ್ತಿರೋದು ನಿಮ್ಮ ಜೀವದ ಮೇಲೆ ಮಾಡಿಸೋದು. ಅದು ಬೇಕಿದ್ದರೆ ಹೊರಗೆ ಒಂದು ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ನಾವು ತೀರಿಕೊಂಡರೆ ದುಡ್ಡು ಕೊಡೋ ಪಾಲಿಸಿ, ಮಾಡಿಸಿ, ದುಡ್ಡು ಬ್ಯಾಂಕಿಗಲ್ಲ, ಮನೆಯವರ ಕೈಗೆ ಬರುತ್ತದೆ. ಆರೋಗ್ಯದ ಹಾಳೆ ನೀವೇ ತುಂಬಿಸಿ. ಪಿಡಿಎಫ್ ಬಂದ ದಿನವೇ ತೆರೆಯಿರಿ.

ನನ್ನ ಹಾಗೆ ಆಗಲೇ ಸಿಕ್ಕಿಹಾಕಿಕೊಂಡವರು ಸುಮ್ನೆ ಕೂರಬೇಡಿ. ನಿಮ್ಮ ವೆರಿಫಿಕೇಷನ್ ಕರೆಯ ರೆಕಾರ್ಡಿಂಗ್ ಬರವಣಿಗೆಯಲ್ಲಿ ಕೇಳಿ ತರಿಸಿಕೊಳ್ಳಿ. ಕೇಳುವಾಗ ಹೆಡ್‌ಫೋನ್ ಹಾಕಿಕೊಳ್ಳಿ. ಸ್ಪೀಕರ್‌ನಲ್ಲಿ ಆ ಹಿಂದಿನ ದನಿ ನಮಗೆ ಕೇಳಿಸಿರಲಿಲ್ಲ.