ನಾಲ್ಕು ವರ್ಷದಿಂದ ಕೊಳದಲ್ಲಿ ಮುಳುಗಿರುವ ನಮ್ಮ ಪಂಪು

ನಮ್ಮ ಹಿತ್ತಲಿನ ಮೀನಿನ ಕೊಳಕ್ಕೆ ಈ ಸಬ್‌ಮರ್ಸಿಬಲ್ ಪಂಪು ಹಾಕಿ ನಾಲ್ಕು ವರ್ಷ ಆಯಿತು. ಹಗಲು ರಾತ್ರಿ ಓಡುತ್ತದೆ. ತೊಳೆಯುವಾಗ, ಕರೆಂಟ್ ಹೋದಾಗ ಬಿಟ್ಟರೆ ನಿಂತಿದ್ದು ಒಂದೇ ಸಲ, ಅದನ್ನು ಮುಂದೆ ಹೇಳುತ್ತೇನೆ. ಇದಕ್ಕಿಂತ ಮುಂಚೆ ತಂದಿದ್ದ ಪಂಪು ಮೂರು ವಾರವೂ ನಮ್ಮ ಕೆಲಸಕ್ಕೆ ಒದಗಲಿಲ್ಲ. ಕಂಪನಿ ಹೆಸರು ಬರೆಯುತ್ತಿಲ್ಲ. ಕೊಳ್ಳುವ ಮುಂಚೆ ಏನು ನೋಡಬೇಕು ಅನ್ನೋದು ಯಾವ ಕಂಪನಿಯದಾದರೂ ಒಂದೇ.

ಕೊಳ 8 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಆಳ. ಗುಣಿಸಿದರೆ 80 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್‌ಗಿಂತ ಸ್ವಲ್ಪ ಜಾಸ್ತಿ ನೀರು ಹಿಡಿಯುತ್ತದೆ, ಹಾಗಾಗಿ ಒಟ್ಟು ಸುಮಾರು 2,260 ಲೀಟರ್. ಮೀನಿರುವ ಕೊಳದ ನೀರು ಗಂಟೆಗೊಮ್ಮೆ, ತೀರಾ ಕಮ್ಮಿ ಅಂದರೂ ಎರಡು ಗಂಟೆಗೊಮ್ಮೆ, ಪೂರ್ತಿ ಫಿಲ್ಟರ್ ದಾಟಿ ಬರಬೇಕು. ಈ ಲೆಕ್ಕ ಹಿಡಿದು ಗಂಟೆಗೆ 3,000 ಲೀಟರ್ ಅಂತ ಡಬ್ಬದ ಮೇಲೆ ಬರೆದಿದ್ದ ಪಂಪು ತಂದೆ. ಬೇಕಾದ್ದಕ್ಕಿಂತ ಜಾಸ್ತಿನೇ ಇದೆ ಅಲ್ವಾ ಅಂದುಕೊಂಡೆ.

ನಮ್ಮ ಫಿಲ್ಟರ್ ಡಬ್ಬ ಕೊಳದ ದಂಡೆಯ ಮೇಲೆ, ನೀರಿನ ಮಟ್ಟದಿಂದ 5 ಅಡಿ ಎತ್ತರದಲ್ಲಿದೆ. ಅಲ್ಲಿಂದ ನೀರು ಕಲ್ಲುಗಳ ಮೇಲೆ ಹರಿದು ಕೊಳಕ್ಕೆ ಬೀಳುತ್ತದೆ. ಪಂಪು ಹಾಕಿದ ದಿನ ಮೇಲಿಂದ ಬಂದಿದ್ದು ಬೆರಳು ಗಾತ್ರದ ಧಾರೆ. 10 ಲೀಟರ್ ಬಕೆಟ್ ಹಿಡಿದು ಸಮಯ ನೋಡಿದೆ. ತುಂಬಲು 50 ಸೆಕೆಂಡ್ ಬೇಕಾಯಿತು. ಅಂದರೆ ಗಂಟೆಗೆ 720 ಲೀಟರ್. ಡಬ್ಬದ ಮೇಲಿದ್ದದ್ದರಲ್ಲಿ ಕಾಲು ಭಾಗ ಸಹ ಇಲ್ಲ. ಕೊಳ ಒಂದು ಸುತ್ತು ಬರಲು ಮೂರು ಗಂಟೆ ದಾಟುತ್ತಿತ್ತು. ಎರಡೇ ವಾರದಲ್ಲಿ ನೀರು ಹಸಿರಾಯಿತು.

ಪಂಪು ಕೆಟ್ಟಿರಲಿಲ್ಲ. 3,000 ಲೀಟರ್ ಅನ್ನೋದು ನೀರನ್ನು ಒಂದಿಂಚೂ ಮೇಲೆತ್ತದೇ ಇದ್ದಾಗ ಸಿಗುವ ಲೆಕ್ಕ. ಅದೇ ಡಬ್ಬದ ಮೇಲೆ 'ಗರಿಷ್ಠ ಹೆಡ್ 2 ಮೀಟರ್' ಅಂತಲೂ ಇತ್ತು. ಎರಡು ಮೀಟರ್ ತನಕ ನೀರು ಕೊಡುತ್ತದೆ ಅಂತ ನಾನು ಓದಿಕೊಂಡೆ. ನಿಜವಾಗಿ ಅದು ಪಂಪು ಕೈಚೆಲ್ಲುವ ಎತ್ತರ. ಆ ಎತ್ತರದಲ್ಲಿ ನೀರು ಪೈಪಿನ ಬಾಯಿಗೆ ಬಂದು ನಿಲ್ಲುತ್ತದೆ, ಹೊರಗೆ ಬೀಳುವುದಿಲ್ಲ. ಈ ಎರಡು ತುದಿಗಳ ನಡುವೆ ಎತ್ತರ ಏರಿದ ಹಾಗೆ ಸಿಗುವ ನೀರು ಕಮ್ಮಿಯಾಗುತ್ತಾ ಹೋಗುತ್ತದೆ. ನಮ್ಮ 5 ಅಡಿ, ಅಂದರೆ ಒಂದೂವರೆ ಮೀಟರ್, ಆ ಪಂಪಿನ ಶಕ್ತಿಯ ಮುಕ್ಕಾಲು ಪಾಲನ್ನು ಎತ್ತುವುದಕ್ಕೇ ತಿಂದುಬಿಟ್ಟಿತ್ತು.

ಎತ್ತರ ಅಳೆಯುವುದು ಪಂಪು ಕೂತ ಜಾಗದಿಂದ ಅಲ್ಲ, ನೀರಿನ ಮೇಲ್ಮಟ್ಟದಿಂದ. ಪೈಪಿನೊಳಗಿನ ನೀರು ಕೊಳದ ಮಟ್ಟದವರೆಗೆ ತಾನೇ ಬಂದು ನಿಂತಿರುತ್ತದೆ, ಅಲ್ಲಿಂದ ಮೇಲಕ್ಕೆ ಮಾತ್ರ ಪಂಪು ದುಡಿಯಬೇಕು. ಹಾಗಾಗಿ ಪಂಪನ್ನು ಎಷ್ಟು ಆಳಕ್ಕೆ ಇಳಿಸಿದರೂ ನಷ್ಟ ಇಲ್ಲ, ಪೈಪು ಉದ್ದವಾಗುವುದಷ್ಟೇ.

ಎರಡನೇ ಸಲ ಎತ್ತರಕ್ಕೆ ತಕ್ಕ ಹರಿವನ್ನು ಗೆರೆ ಎಳೆದು ತೋರಿಸುವ ಗ್ರಾಫ್ ಇದ್ದ ಪಂಪುಗಳನ್ನು ಮಾತ್ರ ನೋಡಿದೆ. ಗ್ರಾಫ್ ಕೊಡದಿದ್ದರೆ ಕೇಳಿ, ಕೇಳಿದರೂ ಸಿಗದಿದ್ದರೆ ಬೇರೆ ನೋಡಿ ಅಂತಲೇ ನಾನು ಹೇಳುವುದು. ಆರಿಸಿದ್ದು 65 ವಾಟ್‌ನದು: ಗಂಟೆಗೆ 4,000 ಲೀಟರ್, ಗರಿಷ್ಠ ಹೆಡ್ 3.5 ಮೀಟರ್. ಅದರ ಗ್ರಾಫ್‌ನಲ್ಲಿ ಒಂದೂವರೆ ಮೀಟರ್ ಎದುರಿಗೆ 2,300 ಲೀಟರ್ ಹತ್ತಿರ ಇತ್ತು. ಹಾಕಿ ಬಕೆಟ್ ಹಿಡಿದಾಗ 17 ಸೆಕೆಂಡ್, ಅಂದರೆ ಗಂಟೆಗೆ ಸುಮಾರು 2,100 ಲೀಟರ್. ಉಳಿದದ್ದು ಪೈಪಿನ ಉಜ್ಜಾಟಕ್ಕೆ, ಎರಡು ಎಲ್ಬೋ ತಿರುವುಗಳಿಗೆ ಹೋಯಿತು. ಪೈಪಿನ ವಿಷಯದಲ್ಲಿ ಜುಗ್ಗತನ ಬೇಡ. ಅರ್ಧ ಇಂಚಿನ ಪೈಪಿಗಿಂತ ಒಂದು ಇಂಚಿನ ಪೈಪಿನ ಬಾಯಿ ನಾಲ್ಕು ಪಟ್ಟು ದೊಡ್ಡದು. ಪಂಪಿನ ಬಾಯಿ ಎಷ್ಟಿದೆಯೋ ಅಷ್ಟೇ ಅಗಲದ ಪೈಪು ಹಾಕಿ, ಅಡಾಪ್ಟರ್ ಕೊಟ್ಟಿದ್ದಾರೆ ಅಂತ ಸಣ್ಣದು ಸಿಕ್ಕಿಸಬೇಡಿ.

ಹೆಚ್ಚೂಕಮ್ಮಿ ಇದೇ ಹರಿವು ಕೊಡುವ 110 ವಾಟ್‌ನ ಪಂಪೂ ಇತ್ತು, ನೋಡಲು ಗಟ್ಟಿಮುಟ್ಟು. ಆದರೆ ಇದು ದಿನಕ್ಕೆ 24 ಗಂಟೆ ಓಡುವ ಯಂತ್ರ. 65 ವಾಟ್ ಅಂದರೆ ದಿನಕ್ಕೆ ಒಂದೂವರೆ ಯೂನಿಟ್ ಚಿಲ್ಲರೆ. 45 ವಾಟ್ ಹೆಚ್ಚಾದರೆ ವರ್ಷಕ್ಕೆ 390 ಯೂನಿಟ್ ಹೆಚ್ಚುವರಿ. ನಾಲ್ಕು ವರ್ಷಕ್ಕೆ ಎಷ್ಟಾಯಿತು ನೋಡಿ.

ರಾತ್ರಿ ಆಫ್ ಮಾಡಿ ಉಳಿಸೋಣ ಅನ್ನಿಸಬಹುದು, ಮಾಡಬೇಡಿ. ಮೀನಿನ ಕಸದಿಂದ ಬರುವ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲೇ ವಾಸ. ಅವಕ್ಕೆ ಆಮ್ಲಜನಕ ಇರುವ ನೀರು ಹರಿಯುತ್ತಲೇ ಇರಬೇಕು. ಪಾಚಿ, ಗಿಡಗಳೂ ರಾತ್ರಿ ಆಮ್ಲಜನಕ ಕೊಡುವುದಿಲ್ಲ, ತಾವೇ ಬಳಸುತ್ತವೆ. ಪಂಪು ನಿಂತರೆ ಮೀನಿಗೆ ಅತಿ ಕಷ್ಟದ ಹೊತ್ತು ಬೆಳಗಿನ ಜಾವ.

ಅದನ್ನು ನಾನು ಕಣ್ಣಾರೆ ಕಂಡೆ. ಎರಡನೇ ವರ್ಷದ ಬೇಸಿಗೆ. ಬೆಳಿಗ್ಗೆ ಎದ್ದಾಗ ಹಿತ್ತಲು ನಿಶ್ಶಬ್ದ, ನೀರು ಬೀಳುವ ಸದ್ದೇ ಇಲ್ಲ. ಓಡಿ ಹೋಗಿ ನೋಡಿದರೆ ಹನ್ನೊಂದು ಮೀನುಗಳೂ ಮೇಲೆ ಬಂದು ಬಾಯಿ ಕಳೆದು ಗಾಳಿ ಗುಟುಕರಿಸುತ್ತಿವೆ. ನಲ್ಲಿ ನೀರು ಬಿಡುವ ಹಾಗಿಲ್ಲ, ಅದರಲ್ಲಿ ಕ್ಲೋರಿನ್. ಬಕೆಟ್‌ನಲ್ಲಿ ಕೊಳದ ನೀರನ್ನೇ ಮೊಗೆದು ಎತ್ತರದಿಂದ ಸುರಿಯುತ್ತಾ ನಿಂತೆ. ಹದಿನೈದು ನಿಮಿಷಕ್ಕೆ ಒಂದೊಂದಾಗಿ ಕೆಳಗಿಳಿದವು. ಪ್ಲಗ್ ಕಿತ್ತು ಪಂಪು ಬಿಚ್ಚಿದರೆ ಒಳಗೆ ಅಂಗಿ ಗುಂಡಿಯಷ್ಟು ಪುಟ್ಟ ಬಸವನಹುಳು, ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರಿನ ರೆಕ್ಕೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಅವತ್ತೇ ಪಂಪಿನ ಸುತ್ತ ಪ್ಲಾಸ್ಟಿಕ್ ಜಾಲರಿ ಬುಟ್ಟಿ ಹಾಕಿದೆ. ಮತ್ತೆ ಹಾಗಾಗಿಲ್ಲ. ಜೊತೆಗೆ ಬ್ಯಾಟರಿಯ ಸಣ್ಣ ಗಾಳಿ ಪಂಪು ಒಂದು ಮನೆಯಲ್ಲಿ ಸದಾ ಸಿದ್ಧ ಇರುತ್ತದೆ.

ಬಿಚ್ಚಲು ಸುಲಭವಾಗಿದ್ದರಿಂದಲೇ ಅವತ್ತು ಮೀನುಗಳು ಉಳಿದವು ಅಂತ ನನ್ನ ನಂಬಿಕೆ. ಇದರ ಮುಚ್ಚಳ ಕಾಲು ಸುತ್ತು ತಿರುಗಿಸಿದರೆ ಬರುತ್ತದೆ, ಸ್ಕ್ರೂ ಇಲ್ಲ. ಒಳಗೆ ತಿರುಗುವ ಅಯಸ್ಕಾಂತ, ಅಂದರೆ ರೋಟರ್, ಅದರ ತುದಿಯಲ್ಲಿ ಇಂಪೆಲ್ಲರ್, ನಡುವೆ ಬಿಳಿ ಸೆರಾಮಿಕ್ ಕಡ್ಡಿ. ಹಿಡಿದು ಎಳೆದರೆ ಅಯಸ್ಕಾಂತ ಸ್ವಲ್ಪ ಜಗ್ಗಿ ಬಿಡುತ್ತದೆ. ಮೂರು ತಿಂಗಳಿಗೊಮ್ಮೆ ತೆಗೆದಾಗ ರೋಟರಿನ ಮೈಗೆ ಕಂದು ಲೋಳೆ, ಅದರಡಿ ಸುಣ್ಣದ ತೆಳು ಪದರ. ಹಳೆ ಟೂತ್‌ಬ್ರಷ್‌ನಿಂದ ಲೋಳೆ ಹೋಗುತ್ತದೆ. ಸುಣ್ಣಕ್ಕೆ ಅರ್ಧ ವಿನಿಗರ್, ಅರ್ಧ ನೀರು ಬೆರೆಸಿ ಒಂದು ಗಂಟೆ ನೆನೆಸುತ್ತೇನೆ, ಆಮೇಲೆ ಚೆನ್ನಾಗಿ ತೊಳೆಯುತ್ತೇನೆ. ಕಡ್ಡಿ ಮಾತ್ರ ಹುಷಾರು, ಕೈ ಜಾರಿದರೆ ಎರಡು ತುಂಡು. ವಾಪಸ್ ಇಡುವಾಗ ಅಯಸ್ಕಾಂತ ಟಕ್ ಅಂತ ಎಳೆದುಕೊಳ್ಳುತ್ತದೆ, ಬೆರಳಿಂದ ಹಿಡಿದು ಮೆಲ್ಲಗೆ ಬಿಡಿ.

ಮೂರನೇ ವರ್ಷ ಗರಗರ ಸದ್ದು ಶುರುವಾಯಿತು. ರೋಟರ್ ಕೂರುವ ರಂಧ್ರ ಸವೆದು ಅಲುಗಾಡುತ್ತಿತ್ತು. ಇಂಪೆಲ್ಲರ್ ಸೆಟ್ ಒಂದನ್ನೇ ತರಿಸಿ ಬದಲಿಸಿದೆ, ಹೊಸದರಂತಾಯಿತು. ಕೊಳ್ಳುವಾಗಲೇ ಇಂಪೆಲ್ಲರ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿದ್ದಕ್ಕೆ ಫಲ ಸಿಕ್ಕಿತು. ಬಿಡಿ ಭಾಗ ಸಿಗದ ಪಂಪು ಕೊಳ್ಳಲೇಬೇಡಿ.

ಬಾವಿಯಿಂದ ಕೆಸರು ನೀರು ಎತ್ತುವ ಪಂಪು ಮನೆಯಲ್ಲಿದ್ದರೆ ಅದನ್ನೇ ಮೀನಿನ ಕೊಳಕ್ಕೆ ಇಳಿಸಬೇಡಿ. ಅಂಥ ಎಷ್ಟೋ ಪಂಪುಗಳೊಳಗೆ ಎಣ್ಣೆ ಇರುತ್ತದೆ. ಸೀಲ್ ಸವೆದ ದಿನ ಅದು ನೀರಿಗೆ ಸೇರುತ್ತದೆ. ನಮ್ಮದರಲ್ಲಿ ಮೋಟರ್ ಸುರುಳಿ ಪೂರ್ತಿ ಎಪಾಕ್ಸಿ ಅನ್ನೋ ಗಟ್ಟಿ ಅಂಟಿನೊಳಗೆ ಮುಚ್ಚಿಹೋಗಿದೆ, ಎಣ್ಣೆಯೇ ಇಲ್ಲ.

ಕರೆಂಟಿನ ವಿಷಯ ಕೈಬಿಡುವ ಹಾಗೇ ಇಲ್ಲ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ತಾನೇ ಲೈನ್ ಕಡಿಯುವ ಸ್ವಿಚ್ಚು) ಇಲ್ಲದೆ ನೀರಿಗೆ ಪಂಪು ಇಳಿಸಬಾರದು. ಅರ್ಥಿಂಗ್ ಸರಿಯಿರಬೇಕು. ಪ್ಲಗ್‌ಗೆ ಬರುವ ವೈರು ಒಮ್ಮೆ ಕೆಳಗೆ ಜೋತು ಆಮೇಲೆ ಮೇಲೇರಲಿ, ಆಗ ವೈರಿನಗುಂಟ ಬಂದ ನೀರು ಸಾಕೆಟ್‌ಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ. ನೀರಿಗೆ ಕೈ ಹಾಕುವ ಮುಂಚೆ ಪ್ಲಗ್ ಕೀಳಿ, ಪ್ರತಿ ಸಲ. ಪಂಪನ್ನು ವೈರು ಹಿಡಿದು ಎತ್ತಬೇಡಿ, ನಾನು ನೈಲಾನ್ ಹಗ್ಗ ಕಟ್ಟಿದ್ದೇನೆ.

ಕೂರಿಸಿದ್ದು ಕೊಳದ ಆ ಕಡೆ ತುದಿಗೆ, ನೀರು ಬೀಳುವ ಜಾಗದಿಂದ ದೂರ, ಅರ್ಧ ಅಡಿ ಎತ್ತರದ ಕಲ್ಲಿನ ಮೇಲೆ. ತಳದ ಗಸಿ ಹೀರುವುದಿಲ್ಲ. ಯಾವತ್ತಾದರೂ ಪೈಪು ಕಳಚಿ ನೀರೆಲ್ಲ ಹೊರಗೆ ಹೋದರೂ ಮೀನಿಗೆ ಅರ್ಧ ಅಡಿ ನೀರು ಉಳಿಯುತ್ತದೆ.

ಮನೆಯೊಳಗಿನ 100 ಲೀಟರ್ ಅಕ್ವೇರಿಯಂಗೂ ಪುಟ್ಟ ಪಂಪಿದೆ. ಅಲ್ಲಿ ಗಂಟೆಗೆ ನಾಲ್ಕೈದು ಸುತ್ತು ನೀರು ತಿರುಗಿದರೆ ಸಾಕು. ಹೀರುವ ಬಾಯಿಗೆ ಸ್ಪಂಜು ಕಡ್ಡಾಯ, ಇಲ್ಲದಿದ್ದರೆ ಮರಿಗಳು ಸೆಳೆದುಹೋಗುತ್ತವೆ. ಪಂಪು ತಿಂದ ಕರೆಂಟ್ ಕೊನೆಗೆ ನೀರಲ್ಲೇ ಬಿಸಿಯಾಗಿ ಸೇರುವುದರಿಂದ ಸಣ್ಣ ತೊಟ್ಟಿಗೆ ದೊಡ್ಡ ಪಂಪು ಬೇಡ. ಹಾಕಿದ ಹೊಸದರಲ್ಲಿ ಕಿರಿಕಿರಿ ಸದ್ದು ಬಂದರೆ ಗಾಳಿ ಸಿಕ್ಕಿಕೊಂಡಿರುತ್ತದೆ. ಪ್ಲಗ್ ತೆಗೆದು, ನೀರೊಳಗೇ ವಾಲಿಸಿ ಗುಳ್ಳೆ ಬಿಡಿಸಿದರೆ ಸುಮ್ಮನಾಗುತ್ತದೆ.

ಆ ಮೊದಲ ಪಂಪನ್ನು ಬಿಸಾಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಕೊಳದ ಸ್ವಲ್ಪ ನೀರು ತೆಗೆದು ಹೊಸ ನೀರು ತುಂಬಬೇಕಲ್ಲ, ಆಗ ಅದನ್ನು ಇಳಿಸಿ ಪೈಪನ್ನು ಗಿಡಗಳ ಪಾತಿಗೆ ಬಿಡುತ್ತೇನೆ. ಅಲ್ಲಿ ಎತ್ತುವ ಎತ್ತರವೇ ಇಲ್ಲ. ಹೋದ ವಾರ ಅದಕ್ಕೂ ಬಕೆಟ್ ಹಿಡಿದು ನೋಡಿದೆ: 13 ಸೆಕೆಂಡಿಗೆ ತುಂಬಿತು.